ಹಣೆಯ ಬೂದಿ, ಚೀಲದ ತೂಕ

ಕಥೋಲಿಕರ ತಪಸ್ಸು ಕಾಲ ಸುರುವಾಗುವ ಬೂದಿ ಬುಧವಾರ ಫೆಬ್ರವರಿ 4ಕ್ಕಿಂತ ಮೊದಲು ಬರುವುದಿಲ್ಲ, ಮಾರ್ಚ್ 10 ದಾಟುವುದಿಲ್ಲ. ಚಿಕ್ಕಮಗಳೂರಿನ ಕಡೆ ಅದು ರೊಬಸ್ಟಾ ಕಾಫಿಯ ಕೊಯ್ಲಿನ ಹೊತ್ತು. ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ, ಮೆಣಸಿನ ಬಳ್ಳಿಗೆ ಏಣಿ ಒರಗಿರುತ್ತದೆ, ಗಿಡ ಹೂ ಬಿಡಿಸುವ ಹೂಮಳೆ ಯಾವಾಗ ಎಂದು ಎಲ್ಲರೂ ಮೋಡ ನೋಡುತ್ತಿರುತ್ತಾರೆ. ಬೆಳಗಿನ ಬಲಿಪೂಜೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡವರೇ ಸಂಜೆ ತೂಕದ ಹತ್ತಿರ ನಿಂತಿರುತ್ತಾರೆ. ಕೆಲವರು ಪುಸ್ತಕ ಹಿಡಿದು, ಕೆಲವರು ಚೀಲ ಹೊತ್ತು. 1963ರಲ್ಲಿ ಹುಟ್ಟಿ, 1988ರಲ್ಲಿ ಶಿವಮೊಗ್ಗ ಬೇರೆಯಾದ ಮೇಲೆ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳನ್ನು ಉಳಿಸಿಕೊಂಡ ನಮ್ಮ ಧರ್ಮಪ್ರಾಂತ್ಯದಲ್ಲಿ ತೋಟದ ಮಾಲೀಕರಿದ್ದಾರೆ, ಲೆಕ್ಕ ಬರೆಯುವ ರೈಟರಿದ್ದಾರೆ, ಕೂಲಿಯವರ ಲೈನ್ ಮನೆಯವರಿದ್ದಾರೆ. ಪರಮಪ್ರಸಾದಕ್ಕೆ ಮಾತ್ರ ಎಲ್ಲರದ್ದೂ ಒಂದೇ ಸಾಲು.

ಉಪವಾಸದ ನಿಯಮ ದೊಡ್ಡದೇನಲ್ಲ. ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ದಿನದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಕಟ್ಟುನಿಟ್ಟಿನ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. 18 ತುಂಬಿದವರಿಂದ 59ರವರೆಗಿನವರಿಗೆ ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಸ್ವಲ್ಪ. ಆ ಎರಡೂ ಸೇರಿದರೂ ಒಂದು ಊಟದಷ್ಟಾಗಬಾರದು. 14 ದಾಟಿದವರು ಆ ದಿನಗಳಲ್ಲೂ ತಪಸ್ಸು ಕಾಲದ ಶುಕ್ರವಾರಗಳಲ್ಲೂ ಮಾಂಸ ಮುಟ್ಟುವುದಿಲ್ಲ. ಬಸುರಿ ಬಾಣಂತಿಯರಿಗೆ, ಕಾಯಿಲೆಯವರಿಗೆ, ಮೈಮುರಿದು ದುಡಿಯುವವರಿಗೆ ಉಪವಾಸದಿಂದ ವಿನಾಯಿತಿ ಇದೆ. ಕೊಯ್ಲಿನ ಹೆಂಗಸು ಗಂಜಿ ಉಣ್ಣಲಿ, ದೋಷವಿಲ್ಲ. ಎಡವಟ್ಟಾಗುವುದು ಬೇರೆ ಕಡೆ. ಶುಕ್ರವಾರ ಕುರಿ ಬಿಟ್ಟು ದುಬಾರಿ ಅಂಜಲ್ ಮೀನು ತಂದರೆ ನಿಯಮ ಉಳಿಯಿತು, ದುಡ್ಡು ಉಳಿಯಲಿಲ್ಲ. ತಟ್ಟೆಯಲ್ಲಿ ಬಿಟ್ಟದ್ದರ ಬೆಲೆ ಬಡವನ ಕೈಗೆ ಹೋಗಬೇಕು ಎಂಬುದಕ್ಕೇ ಪ್ರಾರ್ಥನೆ, ಉಪವಾಸ, ದಾನ ಮೂರನ್ನೂ ಒಟ್ಟಿಗೆ ಹೇಳುವುದು.

ಅದಕ್ಕಿಂತ ದೊಡ್ಡ ಎಡವಟ್ಟು ಲೆಕ್ಕಾಚಾರದ್ದು. "ನಲವತ್ತು ದಿನ ಬಿಟ್ಟಿದ್ದೇನೆ, ಮಗನಿಗೆ ಕೆಲಸ ಕೊಡಿಸು ಸ್ವಾಮಿ" ಎಂದು ಮುಂಗಡ ಕೊಟ್ಟವರ ಹಾಗೆ ಕೇಳುವುದು. ಇದರ ತಿರುವುಮುರುವು ಇನ್ನೊಂದು: ದೇವರು ಹೇಗೂ ಕ್ಷಮಿಸುತ್ತಾನಲ್ಲ, ಆಮೇಲೆ ನೋಡೋಣ. ಮೊದಲನೆಯವರು ಕೃಪೆಯನ್ನು ಕೂಲಿ ಮಾಡಿದರು, ಎರಡನೆಯವರು ಸಾಲಮನ್ನಾ ಮಾಡಿದರು. ಸಂತ ಪೌಲರು ತೀತನಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಕೃಪೆ ಮೇಷ್ಟರ ಕೆಲಸ ಮಾಡುತ್ತದೆ: ಬೇಡದ್ದನ್ನು ಬಿಡಲು, ನೆಟ್ಟಗೆ ಬದುಕಲು ಕಲಿಸುತ್ತದೆ. ಪಾಠ ಸುರುವಾಗುವುದು ನಾವು ಫೀಸು ಕಟ್ಟಿದ ಮೇಲಲ್ಲ.

ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಜಕ್ಕಾಯನ ಪ್ರಸಂಗದಲ್ಲಿ ಯಾವುದು ಮೊದಲಾಯಿತು ಎಂಬುದನ್ನು ಓದುವಾಗ ನಾವು ಹಾರಿಸಿಬಿಡುತ್ತೇವೆ. ಸುಂಕದವನು ಮರದ ಮೇಲಿದ್ದಾನೆ, ಬಾಯಿಬಿಟ್ಟು ಒಂದು ಮಾತೂ ಆಡಿಲ್ಲ. "ಇವತ್ತು ನಿನ್ನ ಮನೆಯಲ್ಲೇ ನಾನು ಉಳಿಯಬೇಕು" ಎಂದು ಯೇಸು ಮೊದಲೇ ಹೇಳಿಯಾಗಿದೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಹುಟ್ಟಿದ್ದು ಆಮೇಲೆ. ಮೋಶೆಯ ಧರ್ಮಶಾಸ್ತ್ರದಲ್ಲಿ, ತಾನಾಗಿ ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಂದವನಿಗೆ, ಮಾರಿದವನಿಗೆ ಹಾಕುವ ದಂಡ. ಜಕ್ಕಾಯ ಯಾರೂ ಕೇಳದೆ ತನ್ನನ್ನು ಕುರಿಕಳ್ಳರ ಪಟ್ಟಿಗೆ ಸೇರಿಸಿಕೊಂಡ.

ಇದನ್ನು ಕಣಕ್ಕೆ ತಂದು ನೋಡಿ. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವವರ ಹಣ್ಣು ತೂಗುವಾಗ ಚೀಲದ ತೂಕವೆಂದು ಒಂದು ಕೆ.ಜಿ. ಕಳೆಯುವ ರೂಢಿ ಗೋಣಿಚೀಲದ ಕಾಲದ್ದು. ಈಗಿನ ಪ್ಲಾಸ್ಟಿಕ್ ಚೀಲ ನೂರು ಗ್ರಾಂ ಆಸುಪಾಸು. ಚೀಲ ಬದಲಾಯಿತು, ಕಳೆಯುವ ಕೆ.ಜಿ. ಬದಲಾಗಲಿಲ್ಲ. ಚೀಲಕ್ಕೆ 900 ಗ್ರಾಂ, ದಿನಕ್ಕೆ ಎರಡು ಚೀಲ, 60 ದಿನದ ಕೊಯ್ಲು: 108 ಕೆ.ಜಿ. ಕೆ.ಜಿ.ಗೆ 5 ರೂಪಾಯಿ ಎಂದಿಟ್ಟುಕೊಂಡರೂ ಒಬ್ಬಳಿಂದ 540 ರೂಪಾಯಿ. ಐದನೇ ಒಂದು ಪಾಲು ಸೇರಿಸಿದರೆ 648, ಜಕ್ಕಾಯನ ದರದಲ್ಲಿ 2,160. ಹೀಗೆ ಕಳೆದವರು ಕಳ್ಳರೆಂದು ತಮ್ಮನ್ನು ಎಂದೂ ಅಂದುಕೊಂಡಿರುವುದಿಲ್ಲ. "ಮುಂಚಿನಿಂದಲೂ ಹೀಗೇ" ಅನ್ನುತ್ತಾರೆ. ತಿದ್ದುವುದಕ್ಕೆ ಧ್ಯಾನಕೂಟ ಬೇಕಾಗಿಲ್ಲ. ಬೆಳಿಗ್ಗೆ ತೂಕದ ಮೇಲೆ ಹತ್ತು ಖಾಲಿ ಚೀಲ ಒಟ್ಟಿಗೆ ಇಟ್ಟು, ಬಂದದ್ದನ್ನು ಹತ್ತರಿಂದ ಭಾಗಿಸಿ, ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದರಾಯಿತು.

ಹಳೆಯದಕ್ಕೆ ಪಾಪನಿವೇದನೆ ಇದೆ. ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ನಿರ್ಧಾರ, ಗುರುಗಳ ಮುಂದೆ ಅರಿಕೆ, ಪ್ರಾಯಶ್ಚಿತ್ತ: ಮೆಟ್ಟಿಲು ಐದೂ ಧರ್ಮೋಪದೇಶದ ಮಕ್ಕಳಿಗೆ ಬಾಯಿಪಾಠ. ದೊಡ್ಡವರು ಮರೆಯುವುದು ಒಂದನ್ನು: ಕ್ಷಮೆ ಪಾಪವನ್ನು ಅಳಿಸುತ್ತದೆ, ಕಿತ್ತುಕೊಂಡ ದುಡ್ಡನ್ನು ವಾಪಸು ಮಾಡುವುದಿಲ್ಲ. ಅದನ್ನು ನಾವೇ ಕೊಟ್ಟು ಬರಬೇಕು. ಊರಿಗೆಲ್ಲ ಸಾರಿಕೊಂಡು ಕೊಡಬೇಕೆಂದು ಧರ್ಮಸಭೆ ಹೇಳುವುದಿಲ್ಲ, ಗುಟ್ಟಾಗಿ ಕೊಟ್ಟರೂ ಸಂದಿತು. ಆದರೆ ಬೋನಸ್ ಎಂದು ಹೆಸರಿಟ್ಟು ಕೊಟ್ಟು, ಕೊಯ್ಲಿನವಳಿಂದ ಕೈಮುಗಿಸಿಕೊಂಡರೆ ಅದು ಹಿಂತಿರುಗಿಸಿದಂತಲ್ಲ. ಅವಳದೇ ದುಡ್ಡಿನಲ್ಲಿ ಧರ್ಮಿಷ್ಠರೆನಿಸಿಕೊಂಡಂತೆ.

ತೂಕದಷ್ಟು ಸುಲಭವಾಗಿ ಅಳೆಯಲಾಗದ್ದು ಲೋಟ. ಹತ್ತು ಗಂಟೆಯ ಕಾಫಿಗೆ ಮನೆಯವರ ಸ್ಟೀಲ್ ಲೋಟ ಒಳಗೆ, ಕೆಲಸದವರದ್ದು ಹಿತ್ತಿಲ ಗೂಡಿನಲ್ಲಿ, ಕುಡಿದವರೇ ತೊಳೆದು ಕವುಚಿಡಬೇಕು. ಜ್ಞಾನಸ್ನಾನ ಆದವರ ಮನೆಯಲ್ಲೂ ಈ ಗೂಡು ಇದ್ದರೆ, ಭಾನುವಾರದ ಒಂದೇ ಸಾಲು ಗುಡಿಯ ಬಾಗಿಲಲ್ಲೇ ಮುಗಿಯಿತು. ನಲವತ್ತು ದಿನಕ್ಕೆ ಏನು ಬಿಡಲಿ ಎಂದು ಕೇಳುವವರು ಈ ಗೂಡನ್ನು ಬಿಡಬಹುದು. ಮಾಂಸಕ್ಕಿಂತ ಕಷ್ಟ, ಅತ್ತೆಯ ಕಾಲದ ವ್ಯವಸ್ಥೆ ಬೇರೆ.

ಕೋಪಕ್ಕೂ ಒಂದು ಲೆಕ್ಕವಿದೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಆಳಿಗೆ ಅರಸನಿಂದ ಮನ್ನಾ ಆದ ಸಾಲ ಹತ್ತು ಸಾವಿರ ತಲಾಂತು. ತಲಾಂತಿಗೆ ಸುಮಾರು 6,000 ದಿನಾರಿ, ದಿನಾರಿ ಎಂದರೆ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ. ಹೊರಗೆ ಬಂದವನು ಜೊತೆಯಾಳಿನ ಕುತ್ತಿಗೆ ಹಿಡಿದದ್ದು ನೂರು ದಿನಾರಿಗೆ, ಅಂದರೆ ನೂರು ದಿನದ ಕೂಲಿಗೆ. ನೂರು ದಿನದ ಕೂಲಿ ಸಣ್ಣ ದುಡ್ಡಲ್ಲ. ಯೇಸು ಅದನ್ನು ಸಣ್ಣದೆಂದು ಹೇಳಲೂ ಇಲ್ಲ. ಕೊಯ್ಲಿನ ಮುಂಚೆ ಅಡ್ವಾನ್ಸ್ ಪಡೆದು ನಡುವೆ ಬಿಟ್ಟುಹೋದ ಕುಟುಂಬದ ಮೇಲೆ ಬರುವ ಸಿಟ್ಟೂ ನಿಜವೇ, ನಷ್ಟವೂ ನಿಜವೇ. ಅವರನ್ನು ಆಳು ಕರೆತರುವ ಮೇಸ್ತ್ರಿಯ ಮುಂದೆ ಬೈದು ಮುಗಿಸುವ ಮೊದಲು ಎರಡು ಲಕ್ಷ ವರ್ಷದ ಸಾಲವನ್ನು ಒಮ್ಮೆ ನೆನೆದರೆ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಚೀಲದ ದುಡ್ಡು ಯಾರಿಗೆ ಕೊಡಬೇಕೋ ಅವರೂ ಎಷ್ಟೋ ಸಲ ಊರಿಗೆ ಹೋಗಿಯಾಗಿರುತ್ತದೆ. ಮೇಸ್ತ್ರಿಯ ಹತ್ತಿರ ಫೋನ್ ನಂಬರ್ ಇರುತ್ತದೆ, ಹಳೆಯ ಕೂಲಿ ಪುಸ್ತಕದಲ್ಲಿ ಹೆಸರು ಮತ್ತು ಚೀಲದ ಎಣಿಕೆ ಇರುತ್ತದೆ. ಹುಡುಕಿಯೂ ಸಿಗದಿದ್ದರೆ ಆ ಮೊತ್ತ ಬಡವರಿಗೆ ಸೇರಬೇಕು, ಕಾಣಿಕೆ ಡಬ್ಬಿಗೆ ಹಾಕಿ ಹರಕೆ ತೀರಿತೆನ್ನುವ ಹಾಗಿಲ್ಲ. ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರದೊಳಗೆ ಫೋನು ಮಾಡಿದರೆ ಒಳ್ಳೆಯದು. ಆಮೇಲೆ ಹಬ್ಬದ ಗಡಿಬಿಡಿ, ಅಷ್ಟರಲ್ಲಿ ಮಳೆ ಬಿದ್ದು ಗಿಡವೂ ಹೂ ಬಿಟ್ಟಿರುತ್ತದೆ, ಪುಸ್ತಕ ತೆಗೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ.