ಗಾಡ್ಜಿಲ್ಲಾಗೂ ಹಳೆಯ ಹಿಪ್‌ಹಾಪ್‌ಗೂ ಏನು ಸಂಬಂಧ?

ನನ್ನ ಕೋಣೆಯ ಗೋಡೆಯ ಮೇಲೆ ಎರಡು ಚಿತ್ರಗಳಿವೆ. ಒಂದು ಗಾಡ್ಜಿಲ್ಲಾ, 1954ರ ಜಪಾನಿ ಸಿನಿಮಾದಲ್ಲಿ ಸಮುದ್ರದಿಂದೆದ್ದು ಊರು ತುಳಿಯುವ ದೈತ್ಯ ಪ್ರಾಣಿ. ಇನ್ನೊಂದರಲ್ಲಿ ಹಿಪ್‌ಹಾಪ್ ಸಂಗೀತ ಹುಟ್ಟಿದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗನೊಬ್ಬ ಎರಡು ರೆಕಾರ್ಡ್ ಪ್ಲೇಯರುಗಳ ಮೇಲೆ ಬಾಗಿ ನಿಂತಿದ್ದಾನೆ. ಬಂದವರೆಲ್ಲ ಕೇಳುವುದು ಒಂದೇ: ಇವೆರಡಕ್ಕೂ ಎಲ್ಲಿಯ ಸಂಬಂಧ, ಹಳೆಯದೆಲ್ಲ ಚೆಂದ ಎಂಬ ಹಂಬಲವೇ? ಆ ಕಾಲದಲ್ಲಿ ನಾನು ಹುಟ್ಟಿರಲಿಲ್ಲ, ಆ ಊರುಗಳನ್ನು ಕಂಡವನೂ ಅಲ್ಲ. ಇಲ್ಲದ ನೆನಪಿಗೆ ಹಂಬಲಿಸುವುದು ಹೇಗೆ? ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೇಳಿ ಮುಗಿಯುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸದ್ದಿನಿಂದಲೇ ಶುರು ಮಾಡುತ್ತೇನೆ. ಗಾಡ್ಜಿಲ್ಲಾದ ಆ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅದನ್ನು ಡಬಲ್ ಬಾಸ್ ಎಂಬ ಆಳೆತ್ತರದ ವಾದ್ಯದಿಂದ ಹೊರಡಿಸಿದರು: ತಂತಿಗಳನ್ನು ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿದಾಗ ಬಂದ ಸದ್ದು ಅದು. ಸುಮಾರು 20 ವರ್ಷಗಳ ನಂತರ ಬ್ರಾಂಕ್ಸ್‌ನ ಮನೆಯೊಂದರಲ್ಲಿ ಹುಡುಗನೊಬ್ಬ ಜೋರಾಗಿ ಹಾಡು ಹಾಕಿಕೊಂಡಿದ್ದ. ತಾಯಿ ಗದರಿಸಲು ಬಂದಾಗ ತಿರುಗುತ್ತಿದ್ದ ರೆಕಾರ್ಡನ್ನು ಕೈಯಿಂದ ಒತ್ತಿ ಹಿಡಿದ. ಹಿಂದೆ ಮುಂದೆ ಆಡಿಸಿದಾಗ ಮುಳ್ಳಿನಡಿಯಿಂದ ಬಂದ ಕರಕರ ಅವನಿಗೆ ಹಿಡಿಸಿತು. ಮುಂದೆ ಗ್ರ್ಯಾಂಡ್ ವಿಝರ್ಡ್ ಥಿಯೋಡರ್ ಎಂದು ಹೆಸರಾದ ಆತ ಹಿಪ್‌ಹಾಪ್‌ನ ‘ಸ್ಕ್ರ್ಯಾಚ್’ ಎಂಬ ಈ ಸದ್ದು ಹುಟ್ಟಿದ್ದನ್ನು ಹೀಗೆಯೇ ಹೇಳಿಕೊಂಡಿದ್ದಾರೆ. ನುಡಿಸುವುದಕ್ಕೆಂದು ಇಟ್ಟ ವಸ್ತುವನ್ನು ಉಜ್ಜಿ, ಅದರಲ್ಲಿ ಇಲ್ಲದ ದನಿಯನ್ನು ಎಬ್ಬಿಸುವುದು ಎರಡೂ ಕಡೆ ನಡೆದಿದೆ. ಸುಟ್ಟ ಊರುಗಳಲ್ಲಿ ನಡೆದಿದೆ.

ಗಾಡ್ಜಿಲ್ಲಾ ಅಣುಬಾಂಬಿನ ರೂಪಕ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ನನಗೆ ಸಾಲದು. ರೂಪಕ ಎಂದರೆ ಏನನ್ನೋ ಮರೆಮಾಚಿ ಹೇಳಿದಂತೆ ಕೇಳುತ್ತದೆ. ಇಶಿರೋ ಹೊಂಡಾ ನಿರ್ದೇಶಿಸಿದ ಈ ಚಿತ್ರ ಮರೆಮಾಚುವುದಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ದೂರದಲ್ಲಿ ಟ್ಯೂನಾ ಮೀನು ಹಿಡಿಯುತ್ತಿದ್ದ ‘ದೈಗೊ ಫುಕುರ್ಯು ಮಾರು’ ಎಂಬ ಜಪಾನಿ ದೋಣಿಯ ಮೇಲೆ ವಿಕಿರಣ ತುಂಬಿದ ಬಿಳಿಯ ಬೂದಿ ಸುರಿಯಿತು. ದೋಣಿಯಲ್ಲಿ 23 ಜನರಿದ್ದರು. ಎಲ್ಲರೂ ಕಾಯಿಲೆ ಬಿದ್ದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರ ತೆರೆ ಕಂಡದ್ದು ನವೆಂಬರ್ 3ಕ್ಕೆ, ಆ ಸಾವಿಗೆ ಆರು ವಾರ ತುಂಬುವ ಮೊದಲು. ಅದರ ಮೊದಲ ದೃಶ್ಯದಲ್ಲೇ ಸಮುದ್ರ ಬೆಳಗಿ ಒಂದು ದೋಣಿ ಉರಿಯುತ್ತದೆ. ಚಿತ್ರಮಂದಿರದಲ್ಲಿ ಕೂತ ಯಾರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿತ್ತು?

ನಾನು ಮತ್ತೆ ಮತ್ತೆ ನೋಡುವುದು ರೈಲಿನೊಳಗಿನ ಒಂದು ಚಿಕ್ಕ ದೃಶ್ಯವನ್ನು. ಕೆಲಸಕ್ಕೆ ಹೋಗುವ ಜನ ದಿನಪತ್ರಿಕೆ ಹಿಡಿದು ಮಾತಾಡುತ್ತಿದ್ದಾರೆ. ವಿಕಿರಣ ತಗುಲಿದ ಟ್ಯೂನಾ, ವಿಕಿರಣದ ಮಳೆ, ಈಗ ಈ ಗಾಡ್ಜಿಲ್ಲಾ ಬೇರೆ ಎಂದು ಒಬ್ಬ ಯುವತಿ ಬೇಸರಪಡುತ್ತಾಳೆ. ನಾಗಾಸಾಕಿಯಿಂದ ಹೇಗೋ ಉಳಿದು ಬಂದವಳು ತಾನು ಎನ್ನುತ್ತಾಳೆ. ಮಾರುಕಟ್ಟೆಯಲ್ಲಿ ಈರುಳ್ಳಿ ದುಬಾರಿಯಾಯಿತು ಎನ್ನುವಷ್ಟೇ ಸಹಜವಾಗಿ ಹೇಳುತ್ತಾಳೆ. ಊರು ತುಳಿಯುವ ಪ್ರಾಣಿಗಿಂತ ಆ ಸಹಜತೆ ನನ್ನನ್ನು ಹೆಚ್ಚು ಹೆದರಿಸಿದೆ.

1956ರಲ್ಲಿ ಅಮೆರಿಕದವರು ಈ ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನ ಪಾತ್ರದಲ್ಲಿ ತುರುಕಿ, ತಮ್ಮ ಆವೃತ್ತಿ ಮಾಡಿಕೊಂಡರು. ರೈಲಿನ ಆ ಮಾತುಕತೆ ಹೋಯಿತು. ಪ್ರಾಣಿ ಉಳಿಯಿತು, ಸಂಕಟ ಹೋಯಿತು. ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಲು 2004ರವರೆಗೆ ಕಾಯಬೇಕಾಯಿತು.

ಇಂಥದೇ ಕತ್ತರಿಯನ್ನು ಹಿಪ್‌ಹಾಪ್‌ನ ಮೇಲೂ ಆಡಿಸುತ್ತಾರೆ, ಅದೂ ಪ್ರೀತಿಯ ಹೆಸರಿನಲ್ಲಿ. ಹಳೆಯ ಹಿಪ್‌ಹಾಪ್ ಎಷ್ಟು ನಿರ್ಮಲವಾಗಿತ್ತು, ಹಣದ ಮಾತೇ ಇರಲಿಲ್ಲ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1973ರ ಆಗಸ್ಟ್ 11ರಂದು 1520 ಸೆಜ್ವಿಕ್ ಅವೆನ್ಯೂ ಎಂಬ ಬ್ರಾಂಕ್ಸ್‌ನ ವಸತಿ ಕಟ್ಟಡದಲ್ಲಿ ನಡೆದ, ಹಿಪ್‌ಹಾಪ್‌ನ ಮೊದಲನೆಯದೆನ್ನುವ ಪಾರ್ಟಿಗೆ ಪ್ರವೇಶಧನವಿತ್ತು: ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಸಿಂಡಿ ಕ್ಯಾಂಪ್‌ಬೆಲ್‌ಗೆ ಹಣ ಬೇಕಿತ್ತು. ರೆಕಾರ್ಡ್ ಹಾಕಿದ್ದು ಅವಳ 18 ವರ್ಷದ ಅಣ್ಣ ಕ್ಲೈವ್, ಜಮೈಕಾದಿಂದ ಬಂದ ಹುಡುಗ, ಜನ ಕರೆಯುತ್ತಿದ್ದ ಹೆಸರು ಕೂಲ್ ಹರ್ಕ್. ಹಾಡಿನ ನಡುವೆ ಗಾಯನ ನಿಂತು ತಾಳವಾದ್ಯ ಮಾತ್ರ ಉಳಿಯುವ ತುಣುಕು ಬಂದಾಗ ಕುಣಿಯುವವರು ಹುಚ್ಚೇಳುತ್ತಾರೆ ಎಂಬುದನ್ನು ಆತ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಶುರು ಮಾಡಿ, ಕೆಲವೇ ಕ್ಷಣಗಳ ತಾಳವನ್ನು ನಿಮಿಷಗಟ್ಟಲೆ ಹಿಗ್ಗಿಸುವ ದಾರಿ ಕಂಡುಕೊಂಡ.

ಹೊರಗೆ ಬ್ರಾಂಕ್ಸ್ ಉರಿಯುತ್ತಿತ್ತು. ಹೆದ್ದಾರಿಯೊಂದು ಬಡಾವಣೆಗಳನ್ನು ಸೀಳಿ ಹೋಗಿತ್ತು. ವಿಮೆಯ ಹಣಕ್ಕಾಗಿ ಸ್ವಂತ ಕಟ್ಟಡಗಳಿಗೇ ಬೆಂಕಿ ಹಾಕಿಸಿದ ಮಾಲೀಕರಿದ್ದರು. ಹಣವಿಲ್ಲವೆಂದು ನಗರಾಡಳಿತ ಅಗ್ನಿಶಾಮಕ ಪಡೆಗಳನ್ನೇ ಕಡಿತ ಮಾಡಿತ್ತು. ಆ ಊರಿನಲ್ಲಿ ಹುಡುಗರು ಕುಣಿದರು ಎಂಬುದನ್ನು ನೆನೆದು ಸಂತೋಷಪಡುವವರು ಬೆಂಕಿಯನ್ನೂ ನೆನೆಯಬೇಕು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ಎಂಬ ತಂಡದ ಹೆಸರಿನಲ್ಲಿ ‘ದಿ ಮೆಸೇಜ್’ ಹಾಡು ಬಂತು. ಕುಣಿಯಲು ಬಂದವರಿಗೆ ಈ ಬಡಾವಣೆಯ ದುಃಖ ಯಾಕೆ ಎಂದು ತಂಡದವರೇ ಮೊದಲು ಹಿಂಜರಿದಿದ್ದರು. ಕೊನೆಗೆ ತಂಡದಿಂದ ಹಾಡಿದ್ದು ಮೆಲಿ ಮೆಲ್ ಒಬ್ಬರೇ. ಜೊತೆಗೂಡಿದ್ದು ಅದನ್ನು ಬರೆಯತೊಡಗಿದ್ದ ಡ್ಯೂಕ್ ಬೂಟಿ. ಇಂದು ಆ ಕಾಲದ ಹಿಪ್‌ಹಾಪ್ ಎಂದರೆ ಜನ ಮೊದಲು ನೆನೆಯುವ ಹಾಡುಗಳಲ್ಲಿ ಅದೂ ಒಂದು.

ಈ ಎರಡು ದಾರಿಗಳು ಮುಂದೆ ನಿಜವಾಗಿಯೇ ಕೂಡಿದವು. 1999ರಲ್ಲಿ ಕ್ವೀನ್ಸ್‌ನ ರ‍್ಯಾಪರ್ ಫರೋ ಮಾಂಚ್ ಇಫುಕುಬೆಯ ಗಾಡ್ಜಿಲ್ಲಾ ಸಂಗೀತದ ತುಣುಕನ್ನು ಅನುಮತಿಯಿಲ್ಲದೆ ತನ್ನ ‘ಸೈಮನ್ ಸೇಸ್’ ಹಾಡಿಗೆ ಬಳಸಿ, ಮುಂದೆ ಕಾನೂನಿನ ತೊಡಕಿಗೆ ಸಿಕ್ಕಿಕೊಂಡ. 2003ರಲ್ಲಿ ಇನ್ನೊಬ್ಬ ರ‍್ಯಾಪರ್ ಎಂಎಫ್ ಡೂಮ್, ಗಾಡ್ಜಿಲ್ಲಾದ ಮೂರು ತಲೆಯ ವೈರಿಯ ಹೆಸರನ್ನೇ ತುಸು ಬದಲಿಸಿ ಇಟ್ಟುಕೊಂಡು ಒಂದು ಆಲ್ಬಂ ಹೊರತಂದ. ಈ ಸಂಬಂಧದ ಗುರುತು ಹಚ್ಚಿದ್ದು ನಾನಲ್ಲ, ಅವರೇ.

ಹಾಗಾಗಿ ಈಗ ಯಾರಾದರೂ ಕೇಳಿದರೆ ಮಾತು ಬೆಳೆಸದೆ ಮೂಲ ಜಪಾನಿ ಚಿತ್ರವನ್ನು ಹಾಕುತ್ತೇನೆ. ಪ್ರಾಣಿ ಸಮುದ್ರಕ್ಕೆ ಮರಳಿದ ಮರುದಿನದ ಆಸ್ಪತ್ರೆಯಿಂದ ಶುರು ಮಾಡುತ್ತೇನೆ. ಗಾಯಾಳುಗಳು ನೆಲದುದ್ದಕ್ಕೂ ಮಲಗಿದ್ದಾರೆ. ಒಂದು ಮಗುವಿನ ಬಳಿ ವಿಕಿರಣ ಅಳೆಯುವ ಸಾಧನ ಹಿಡಿಯುತ್ತಾರೆ. ಅದು ಟಕಟಕ ಎನ್ನುತ್ತದೆ. ಹಿಡಿದವರು ಪಕ್ಕದಲ್ಲಿದ್ದ ಯುವತಿಯತ್ತ ನೋಡಿ ಇಲ್ಲವೆಂದು ತಲೆಯಾಡಿಸುತ್ತಾರೆ. ಮಗು ಸುಮ್ಮನೆ ನೋಡುತ್ತಿರುತ್ತದೆ.