ಹಿಂದಿನ ಸಲ ಸರಿಯಾಗಿ ನಿಲ್ಲಿಸಿರಲಿಲ್ಲವೇ?

ನಮ್ಮ ಸೈಟನ್ನು ಓಡಿಸುವ ವೆಬ್ ಸರ್ವರ್ ಅಪಾಚೆಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಒಂದೇ ಒಂದು ಸಾಲು ಬದಲಿಸಿ ಅದನ್ನು ರೀಸ್ಟಾರ್ಟ್ ಮಾಡಬೇಕಿತ್ತು. ಎಷ್ಟೋ ಸಲ ಮಾಡಿದ ಕೆಲಸ. ರಾತ್ರಿ 11 ಗಂಟೆ ದಾಟಿದ ಮೇಲೆ ನನ್ನದೇ ಸ್ಕ್ರಿಪ್ಟ್ ಓಡಿಸಿದೆ. ಹಳೆಯ ಸರ್ವರ್ ನಿಂತಿತು, ಹೊಸದು ಏಳಲಿಲ್ಲ. ಎರರ್ ಲಾಗಿನಲ್ಲಿ 28ನೇ ನಂಬರಿನ ದೋಷ: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಜಾಗ ಮುಗಿದಿದೆ ಎಂದು.

ಡಿಸ್ಕ್ ನೋಡಿದರೆ ಅರ್ಧಕ್ಕರ್ಧ ಖಾಲಿ. ಐನೋಡ್‌ಗಳೂ (ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ನಮೂದುಗಳು) ಬೇಕಾದಷ್ಟಿದ್ದವು. ಆದರೂ ಗಾಬರಿಯಲ್ಲಿ ಹಳೆಯ ಲಾಗ್ ಫೈಲುಗಳನ್ನು ಅಳಿಸಿದೆ, ಟೆಂಪ್ ಫೋಲ್ಡರ್ ಗುಡಿಸಿದೆ. ಅದೇ ಸಾಲು ಮತ್ತೆ ಬಂತು. ಸೈಟ್ ಬಿದ್ದು ಇಪ್ಪತ್ತು ನಿಮಿಷವಾದಾಗ ಬೇರೆ ದಾರಿ ಕಾಣದೆ ತಂಡದ ಹಿರಿಯರಿಗೆ ಫೋನ್ ಮಾಡಿದೆ.

"ಸರ್, ಜಾಗ ಇದೆ. ಆದ್ರೂ ಜಾಗ ಇಲ್ಲ ಅಂತಿದೆ."

ಅವರು ಡಿಸ್ಕಿನ ಮಾತೇ ಎತ್ತಲಿಲ್ಲ. "ನೀನು ಅದನ್ನ ನಿಲ್ಲಿಸೋದು ಹೇಗೆ?"

"ಕಿಲ್ -9 ಸರ್." ಓಡುತ್ತಿರುವ ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಕಮಾಂಡ್ ಅದು.

"ಪ್ರತಿ ಸಲವೂ?"

"ಹೌದು ಸರ್."

"ಲಾಗಲ್ಲಿ ಪಿಐಡಿ ಫೈಲ್ ಬಗ್ಗೆ ಏನಾದ್ರೂ ಬರ್ತಿದೆಯಾ ನೋಡು."

ಬರುತ್ತಿತ್ತು. ತಿಂಗಳುಗಳಿಂದ, ಪ್ರತಿ ಸಲ ಸರ್ವರ್ ಏಳುವಾಗಲೂ. (ಪಿಐಡಿ ಫೈಲ್ ಎಂದರೆ ಓಡುತ್ತಿರುವ ಅಪಾಚೆ ತನ್ನ ಪ್ರೊಸೆಸ್ ನಂಬರ್ ಬರೆದಿಡುವ ಫೈಲು.) ಹಳೆಯ ಪಿಐಡಿ ಫೈಲಿನ ಮೇಲೆ ಹೊಸದನ್ನು ಬರೆಯುತ್ತಿದ್ದೇನೆ, ಹಿಂದಿನ ಸಲ ಅಪಾಚೆ ಸರಿಯಾಗಿ ನಿಲ್ಲಲಿಲ್ಲವೇ ಎಂಬರ್ಥದ ಸಾಲು, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಸಮೇತ. ನಾನು ಅದನ್ನು ಬರೀ ಎಚ್ಚರಿಕೆ ಎಂದುಕೊಂಡು ದಾಟಿ ಹೋಗುತ್ತಿದ್ದೆ.

ಈ ಅಭ್ಯಾಸ ಹೇಗೆ ಅಂಟಿತೆಂದರೆ, ಒಮ್ಮೆ ಡೇಟಾಬೇಸ್ ಕ್ವೆರಿ ಒಂದು ಸಿಕ್ಕಿಹಾಕಿಕೊಂಡು ಅಪಾಚೆ ಬೇಗ ನಿಲ್ಲಲಿಲ್ಲ. ಕಾಯುವ ತಾಳ್ಮೆಯಿಲ್ಲದೆ ಕಿಲ್ -9 ಒತ್ತಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತಿತು. ಮುಂದಿನ ಸಲ ಮುಖ್ಯ ಪ್ರೊಸೆಸ್ಸನ್ನು ಮಾತ್ರ ಹೊಡೆದಾಗ ಅದರ ಮಕ್ಕಳು, ಅಂದರೆ ರಿಕ್ವೆಸ್ಟ್ ನೋಡಿಕೊಳ್ಳಲು ಅದು ಹುಟ್ಟಿಸಿದ ಪ್ರೊಸೆಸ್ಸುಗಳು, ಅನಾಥವಾಗಿ ಉಳಿದು ವೆಬ್ ರಿಕ್ವೆಸ್ಟ್ ಬರುವ ಬಾಗಿಲಾದ 80ನೇ ಪೋರ್ಟನ್ನು ಬಿಡದೆ ಹಿಡಿದಿದ್ದವು. ಹೊಸ ಸರ್ವರ್ 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದಿತು. ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನು ಎಲ್ಲವನ್ನೂ ಒಟ್ಟಿಗೆ ಹೊಡೆಯುವ ಸ್ಕ್ರಿಪ್ಟ್ ಬರೆದುಕೊಂಡೆ.

ಕಿಲ್ -9 ಕಳಿಸುವ 9ನೇ ಸಿಗ್ನಲ್ ಪ್ರೊಸೆಸ್ಸಿನ ಕಿವಿಗೆ ಬೀಳುವುದೇ ಇಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ನೇರವಾಗಿ ಆ ಪ್ರೊಸೆಸ್ಸನ್ನು ತೆಗೆದುಹಾಕುತ್ತದೆ. ತನ್ನದೇ ಕೋಡಿನ ಇನ್ನೊಂದು ಸಾಲು ಓಡಿಸಲೂ ಅದಕ್ಕೆ ಅವಕಾಶವಿಲ್ಲ. ಮೆಮೊರಿ, ತೆರೆದ ಫೈಲುಗಳು, ಪೋರ್ಟು ಇವನ್ನೆಲ್ಲ ಕರ್ನಲ್ ತಾನೇ ವಾಪಸ್ ಪಡೆಯುತ್ತದೆ. ಆದರೆ ನಮ್ಮ ಅಪಾಚೆ ತನ್ನ ಮಕ್ಕಳ ನಡುವೆ ಸರದಿ ಕಾಯಿಸಲು ಬಳಸುತ್ತಿದ್ದ ಸೆಮಾಫೋರ್‌ಗಳು ಹಾಗಲ್ಲ. ಮಾಡಿಕೊಂಡವರು ಅಳಿಸುವ ತನಕ ಅವು ಕರ್ನಲ್‌ನಲ್ಲೇ ಉಳಿಯುತ್ತವೆ. ಆಗಿನ ಲಿನಕ್ಸ್‌ನಲ್ಲಿ ಅಂಥ ಸೆಮಾಫೋರ್ ಸೆಟ್‌ಗಳ ಮಿತಿ 128 ಇತ್ತು. (3.19ನೇ ಕರ್ನಲ್‌ನಿಂದ ಅದು 32,000.) ನಾನು ಪ್ರತಿ ಸಲ ಕೊಂದಾಗಲೂ ಹಿಂದೆ ಕೆಲವು ಉಳಿದು, ಆ ರಾತ್ರಿ ಮಿತಿ ಮುಟ್ಟಿತ್ತು. ಮುಗಿದಿದ್ದು ಆ ಜಾಗ.

"ಐಪಿಸಿಎಸ್ -ಎಸ್ ಕೊಡು" ಎಂದರು ಹಿರಿಯರು. ಸೆಮಾಫೋರ್‌ಗಳ ಪಟ್ಟಿ ಪರದೆಯಿಂದ ಆಚೆ ಓಡಿತು. "ಅಪಾಚೆ ಯೂಸರ್ ಹೆಸರಲ್ಲಿ ಇರೋದನ್ನ ಮಾತ್ರ ಐಪಿಸಿಆರ್‌ಎಂ ಹಾಕಿ ತೆಗಿ. ಪೋಸ್ಟ್‌ಗ್ರೆಸ್ ಹೆಸರಲ್ಲಿ ಇರೋದನ್ನ ಮುಟ್ಟಬೇಡ, ಡೇಟಾಬೇಸ್ ಅದನ್ನ ಈಗಲೂ ಬಳಸ್ತಿದೆ." ಕೈ ನಡುಗುತ್ತಿದ್ದುದರಿಂದ ಲೂಪ್ ಬರೆಯುವ ಧೈರ್ಯವಾಗದೆ ಒಂದೊಂದನ್ನೇ ಓದಿ ಅಳಿಸಿದೆ. ಆಮೇಲೆ ಅಪಾಚೆ ಒಂದೇ ಸಲಕ್ಕೆ ಎದ್ದಿತು.

ಫೋನ್ ಇಡುವ ಮುಂಚೆ ಅವರು ಕೇಳಿದ ಇನ್ನೊಂದು ಪ್ರಶ್ನೆ ನನ್ನನ್ನು ಬೆಳಗಿನ ತನಕ ಮಲಗಲು ಬಿಡಲಿಲ್ಲ. "ನೀನು ಕೊಂದಾಗ ಒಳಗೆ ಎಷ್ಟು ಜನ ಇದ್ರು?"

ಬಂದ ರಿಕ್ವೆಸ್ಟ್‌ಗಳನ್ನು ದಾಖಲಿಸುವ ಅಕ್ಸೆಸ್ ಲಾಗ್ ತೆರೆದೆ. ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ. ಅಪಾಚೆ ಆ ಲಾಗಿಗೆ ಸಾಲು ಬರೆಯುವುದು ರಿಕ್ವೆಸ್ಟ್ ಮುಗಿದ ಮೇಲೆ. ನಡುವೆಯೇ ಕಡಿದುಹೋದದ್ದಕ್ಕೆ ಸಾಲೇ ಇಲ್ಲ. ಅರ್ಧ ಫೈಲು ಕಳಿಸಿದವರು, ಉದ್ದದ ಫಾರಂ ತುಂಬಿ ಬಟನ್ ಒತ್ತಿದವರು, ಅವರು ಯಾರು, ಎಷ್ಟು ಮಂದಿ ಎಂಬ ಲೆಕ್ಕ ನನ್ನ ಯಾವ ಫೈಲಿನಲ್ಲೂ ಇಲ್ಲ.

ಮರುದಿನ ಸ್ಕ್ರಿಪ್ಟ್ ಕಿತ್ತು ಹಾಕಿ ಕೈಪಿಡಿ ಹಿಡಿದು ಕೂತೆ. ಟರ್ಮ್ ಸಿಗ್ನಲ್ ಕೊಟ್ಟರೆ ಅಪಾಚೆ ಮಕ್ಕಳನ್ನು ನಿಲ್ಲಿಸಿ, ಪಿಐಡಿ ಫೈಲ್ ಅಳಿಸಿ, ತನ್ನದೆಲ್ಲ ತೊಳೆದಿಟ್ಟು ಹೋಗುತ್ತದೆ, ಆದರೆ ನಡೆಯುತ್ತಿರುವ ರಿಕ್ವೆಸ್ಟ್‌ಗಳು ಆಗಲೂ ಕಡಿಯುತ್ತವೆ. ಯುಎಸ್ಆರ್1 ಎಂಬ ಸಿಗ್ನಲ್ ಕೊಟ್ಟರೆ, ಅಂದರೆ ಗ್ರೇಸ್‌ಫುಲ್ ರೀಸ್ಟಾರ್ಟ್‌ನಲ್ಲಿ, ಪ್ರತಿ ಮಗುವೂ ಕೈಲಿರುವ ಕೆಲಸ ಮುಗಿಸಿಯೇ ಹೋಗುತ್ತದೆ, ಅದರ ಜಾಗಕ್ಕೆ ಹೊಸ ಕಾನ್ಫಿಗ್ ಓದಿದ ಮಗು ಬರುತ್ತದೆ. ನನಗೆ ಬೇಕಿದ್ದದ್ದು ಮೊದಲಿನಿಂದಲೂ ಇದೇ. ಪೂರ್ತಿ ನಿಲ್ಲಿಸಬೇಕಾದಾಗ ಗ್ರೇಸ್‌ಫುಲ್-ಸ್ಟಾಪ್ ಇದೆ. ಅದರ ಕಾಯುವ ಅವಧಿ ಡೀಫಾಲ್ಟ್ ಆಗಿ 0, ಅಂದರೆ ಮಿತಿಯೇ ಇಲ್ಲ, ಹಾಗಾಗಿ ನಾನೇ ಒಂದು ಅವಧಿ ಬರೆದಿಡುತ್ತೇನೆ. ಎಂಜಿನ್ಎಕ್ಸ್‌ನಲ್ಲಿ (ಇದೂ ಒಂದು ವೆಬ್ ಸರ್ವರ್) ಹೆಸರುಗಳು ಬೇರೆ: ಕ್ವಿಟ್ ಎಂದರೆ ಮುಗಿಸಿ ನಿಲ್ಲು, ಸ್ಟಾಪ್ ಎಂದರೆ ಈಗಲೇ ನಿಲ್ಲು. ಕಾನ್ಫಿಗ್ ತಪ್ಪಿದ್ದರೆ ರೀಲೋಡ್ ಹೊತ್ತಿನಲ್ಲಿ ಎಂಜಿನ್ಎಕ್ಸ್ ಹಳೆಯದರಲ್ಲೇ ಮುಂದುವರಿಯುತ್ತದೆ. ಅಂಥ ತಪ್ಪು ಕಾನ್ಫಿಗ್ ಇದ್ದಾಗ ಅಪಾಚೆಗೆ ನೇರವಾಗಿ ರೀಸ್ಟಾರ್ಟ್ ಸಿಗ್ನಲ್ ಕಳಿಸಿದರೆ ಮುಖ್ಯ ಪ್ರೊಸೆಸ್ಸೇ ನಿಂತುಹೋಗುತ್ತದೆ. ಎರಡಕ್ಕೂ ಮೊದಲು ಕಾನ್ಫಿಗ್ ಪರೀಕ್ಷೆ ಮಾಡದೆ ನಾನೀಗ ಏನನ್ನೂ ಮುಟ್ಟುವುದಿಲ್ಲ.

ಕೆಲವು ದಿನ ಬಿಟ್ಟು ಅದೇ ಸರ್ವರಿಗೆ ಮೊದಲ ಸಲ ಗ್ರೇಸ್‌ಫುಲ್ ರೀಸ್ಟಾರ್ಟ್ ಕೊಟ್ಟೆ. ಸ್ಟೇಟಸ್ ಪುಟದಲ್ಲಿ ಒಂದು ಮಗುವಿನ ಜಾಗದಲ್ಲಿ 'ಜಿ' ಅಕ್ಷರ ಕಂಡಿತು, ಕೆಲಸ ಮುಗಿಸಿ ಹೊರಡಲಿರುವುದರ ಗುರುತು. ಯಾರೋ ದೊಡ್ಡ ಫೈಲೊಂದನ್ನು ಕಳಿಸುತ್ತಿದ್ದರು. ಕೀಬೋರ್ಡಿನಿಂದ ಕೈ ತೆಗೆದು ಕೂತೆ. ನಾಲ್ಕು ನಿಮಿಷವಾದ ಮೇಲೆ 'ಜಿ' ಮಾಯವಾಯಿತು. ಅಕ್ಸೆಸ್ ಲಾಗಿನ ಕೊನೆಯಲ್ಲಿ ಹೊಸ ಸಾಲು ಬಂದಿತ್ತು. ಅದರಲ್ಲಿ, ರಿಕ್ವೆಸ್ಟ್ ಸರಿಯಾಗಿ ಮುಗಿಯಿತು ಎಂಬ ಗುರುತಾದ 200 ಇತ್ತು.