ಇನ್ನೂರು ಪುಟ ಆದ್ರೂ ಏನೂ ಆಗಲ್ಲ, ಅದನ್ನ ಹೇಗೆ ಓದ್ತೀರಿ?

ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ನನಗೆ ಇದನ್ನು ಕೇಳೇ ಕೇಳುತ್ತಾರೆ. ಈಗಿನ ಇಂಗ್ಲಿಷ್ ಪ್ರೇಮ ಕಾದಂಬರಿಗಳಲ್ಲಿ 'ಸ್ಲೋ ಬರ್ನ್' ಅಂತ ಒಂದು ಬಗೆ ಇದೆ. ಯಾರು ಯಾರಿಗೆ ಅಂತ ಮೊದಲ ಅಧ್ಯಾಯದಲ್ಲೇ ಗೊತ್ತಾಗಿಬಿಡುತ್ತದೆ. ಆದರೆ ಇಬ್ಬರೂ ಬಾಯಿಬಿಟ್ಟು ಹೇಳುವಷ್ಟರಲ್ಲಿ ಪುಸ್ತಕ ಅರ್ಧ ಮುಗಿದಿರುತ್ತದೆ, ಕೆಲವದರಲ್ಲಿ ಮುಕ್ಕಾಲು. ನನಗೆ ಇವು ತುಂಬಾ ಇಷ್ಟ. ಓದಿ ಅಂತ ಗೆಳತಿಯರಿಗೆ ಕೊಟ್ಟರೆ ಅರ್ಧಕ್ಕೇ ವಾಪಸ್ ಬರುತ್ತವೆ. ಕಥೆ ಮುಂದಕ್ಕೇ ಹೋಗಲ್ಲ ಅನ್ನುವುದು ಒಬ್ಬಳ ದೂರು. ಇವರಿಗೆ ಬಾಯಿ ಇಲ್ವಾ, ಹೇಳಿಬಿಡಬಾರದಾ ಅನ್ನುವುದು ಇನ್ನೊಬ್ಬಳದು.

ನನ್ನ ಉತ್ತರ ಇಷ್ಟು. ಒಳ್ಳೆಯ ಸ್ಲೋ ಬರ್ನ್ ಕಾದಂಬರಿಯಲ್ಲಿ ಮೊದಲ ಪುಟದಿಂದಲೇ ಎಲ್ಲ ಆಗುತ್ತಿರುತ್ತದೆ. ಕಥೆ ಹೇಳುವವಳ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟೇ. ನಮ್ಮ ಕಣ್ಣಿಗೆ ಬೀಳುತ್ತದೆ.

ಸ್ಯಾಲಿ ಥಾರ್ನ್ ಬರೆದ 'ದಿ ಹೇಟಿಂಗ್ ಗೇಮ್' ತಗೊಳ್ಳಿ. 2016ರಲ್ಲಿ ಬಂದದ್ದು. ಎರಡು ಪ್ರಕಾಶನ ಸಂಸ್ಥೆಗಳು ಒಂದಾಗಿವೆ. ಇಬ್ಬರು ಮುಖ್ಯಸ್ಥರು, ಅವರಿಗೆ ಇಬ್ಬರು ಸಹಾಯಕರು. ಲೂಸಿ ಮತ್ತು ಜೋಶುವಾ ಎದುರುಬದುರು ಮೇಜಿನಲ್ಲಿ ದಿನವಿಡೀ ಕೂರಬೇಕು. ಕಥೆ ಹೇಳುವವಳು ಲೂಸಿ. ಅವನನ್ನು ಕಂಡರೆ ಆಗಲ್ಲ ಅಂತ ಮೊದಲೇ ಸಾರಿಬಿಡುತ್ತಾಳೆ. ಅದೇ ಉಸಿರಿನಲ್ಲಿ ಅವನ ಶರ್ಟುಗಳ ಸರದಿ ಹೇಳುತ್ತಾಳೆ: ಮೊದಲು ಬಿಳಿ, ಆಮೇಲೆ ಕೆನೆಬಣ್ಣ, ತಿಳಿಹಳದಿ, ಸಾಸಿವೆ ಬಣ್ಣ, ನೀಲಿಗಳು, ಕೊನೆಗೆ ಕಪ್ಪು. ಒಂದೂ ತಪ್ಪದೆ. ಕಂಡರೆ ಆಗದವನ ಶರ್ಟಿನ ಸರದಿಯನ್ನು ಯಾರು ಬಾಯಿಪಾಠ ಮಾಡಿಕೊಳ್ಳುತ್ತಾರೆ ಹೇಳಿ? ಲೂಸಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ನಮಗೆ ಹೊಳೆಯುತ್ತದೆ. ಅತ್ತ ಅವನ ಡೈರಿಯಲ್ಲೂ ಒಂದಷ್ಟು ಸಣ್ಣ ಗುರುತುಗಳಿರುತ್ತವೆ. ಲೂಸಿಗೆ ಅದರ ತಲೆಬುಡ ಗೊತ್ತಾಗಲ್ಲ. ಅದೇನು ಅಂತ ನಾನು ಇಲ್ಲಿ ಹೇಳಲ್ಲ, ಓದುವವರ ಸುಖ ಹಾಳಾಗುತ್ತದೆ.

ಈ ಪುಸ್ತಕದ ಬಗ್ಗೆ ಓದುಗರಲ್ಲಿ ಒಂದು ಜಗಳ ಇದೆ. ಲಿಫ್ಟಿನಲ್ಲಿ ಅವರು ಮುತ್ತಿಡುವುದು ಸಾಕಷ್ಟು ಬೇಗ ಬರುತ್ತದೆ. ಹಾಗಾದರೆ ಇದನ್ನು ಸ್ಲೋ ಬರ್ನ್ ಅನ್ನಬಹುದಾ? ಖಂಡಿತ ಅನ್ನಬಹುದು ಅನ್ನುವವರ ಕಡೆ ನಾನು. ಮುತ್ತಿನ ಲೆಕ್ಕ ಹಿಡಿದು ಅಳೆಯಲು ಹೊರಟರೆ ದಾರಿ ತಪ್ಪುತ್ತೇವೆ. ಮರಿಯಾನಾ ಜಪಾಟಾ ಬರೆದ 'ಫ್ರಮ್ ಲೂಕೋವ್ ವಿತ್ ಲವ್' (2018) ಇದಕ್ಕೆ ಒಳ್ಳೆ ಸಾಕ್ಷಿ. ಅಲ್ಲಿನ ಇಬ್ಬರೂ ಜೋಡಿಯಾಗಿ ಐಸ್ ಮೇಲೆ ಸ್ಕೇಟಿಂಗ್ ಮಾಡುವವರು. ಬಹಳ ಹಿಂದಿನಿಂದ ಒಬ್ಬರಿಗೊಬ್ಬರು ಆಗಿಬಂದಿಲ್ಲ. ಈಗ ಒಂದು ಸೀಸನ್ ಜೊತೆಗಾರರಾಗಬೇಕು. ಜೋಡಿ ಸ್ಕೇಟಿಂಗ್ ಅಂದರೆ ಅವನು ಅವಳನ್ನು ತಲೆಯ ಮೇಲಕ್ಕೆ ಎತ್ತಬೇಕು, ಎಸೆಯಬೇಕು. ಅವಳು ಬೀಳಬೇಕು, ಎದ್ದು ಮತ್ತೆ ಅವನ ಕೈಯನ್ನೇ ನಂಬಬೇಕು. ಬೆಳಗ್ಗೆ ಸಂಜೆ ಅದೇ ಅಭ್ಯಾಸ. ಮೈ ಮುಟ್ಟುವುದಕ್ಕೆ ಅಲ್ಲಿ ಏನೂ ಬರವಿಲ್ಲ. ಆದರೂ ಪ್ರೀತಿ ಅಂತ ಒಪ್ಪಿಕೊಳ್ಳಲು ಪುಸ್ತಕದ ಬಹುಪಾಲು ಬೇಕಾಗುತ್ತದೆ. ಅಲ್ಲಿ ನಿಧಾನವಾಗಿ ಬೆಳೆಯುವುದು ನಂಬಿಕೆ. ಇವನು ನನ್ನನ್ನು ಬೀಳಿಸಲ್ಲ ಅನ್ನುವುದು ಅವಳ ಮೈಗೆ ಮೊದಲು ಗೊತ್ತಾಗುತ್ತದೆ, ಮನಸ್ಸಿಗೆ ತಡವಾಗಿ.

ಈ ಕಾದಂಬರಿಗಳನ್ನು ಕಟ್ಟುವ ರೀತಿಯಲ್ಲೇ ಒಂದು ಗುಟ್ಟು ಇದೆ. ನಾನು ಹೇಳಿದ ಎರಡರಲ್ಲೂ ಕಥೆ ಹೇಳುವುದು ಹೆಣ್ಣು, ಪೂರ್ತಿ 'ನಾನು' ಅಂತಲೇ. ಗಂಡಿನ ಮನಸ್ಸಿನೊಳಕ್ಕೆ ನಮಗೆ ಪ್ರವೇಶ ಇಲ್ಲ. ಅವನು ಏನು ಮಾಡಿದ, ಯಾವಾಗ ಸುಮ್ಮನಾದ, ಯಾವುದನ್ನು ಮರೆಯದೆ ತಂದುಕೊಟ್ಟ, ಇಷ್ಟರಿಂದಲೇ ಊಹಿಸಬೇಕು. ಈಗ ಎಷ್ಟೋ ಪ್ರೇಮ ಕಾದಂಬರಿಗಳಲ್ಲಿ ಒಂದು ಅಧ್ಯಾಯ ಅವಳದು, ಒಂದು ಅಧ್ಯಾಯ ಅವನದು. ಓದಲು ಸಲೀಸು. ಆದರೆ ಎರಡನೇ ಅಧ್ಯಾಯಕ್ಕೇ ಅವನಿಗೂ ಇವಳು ಇಷ್ಟ ಅಂತ ತಿಳಿದರೆ ನಾನು ಹುಡುಕಲು ಉಳಿಯುವುದೇನು? ಒಬ್ಬಳೇ ಹೇಳುವ ಕಥೆಯನ್ನು ಎರಡನೇ ಸಲ ಓದಿ ನೋಡಿ. ಅವನ ಒಂದೊಂದು ಒರಟು ಮಾತಿನ ಹಿಂದೆ ಏನಿತ್ತು ಅಂತ ಆಗ ಕಾಣುತ್ತದೆ. ನನಗೆ ಮೊದಲ ಓದಿಗಿಂತ ಎರಡನೇ ಓದೇ ಜಾಸ್ತಿ ಇಷ್ಟ.

ಹಾಗಂತ ದೂರುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಒಂದೇ ಒಂದು ಮಾತು ಕೇಳಿದ್ದರೆ ಬಗೆಹರಿಯುತ್ತಿದ್ದ ತಪ್ಪು ತಿಳಿವಳಿಕೆಯನ್ನು ಇನ್ನೂರು ಪುಟ ಎಳೆದರೆ ನನಗೂ ಸಿಟ್ಟು ಬರುತ್ತದೆ. ಅದು ಬರೀ ಎಳೆತ. ತಡ ಆಗಲು ಕಾರಣ ಆ ಇಬ್ಬರ ಬದುಕಿನಲ್ಲೇ ಇರಬೇಕು. ಎಮಿಲಿ ಹೆನ್ರಿಯ 'ಬೀಚ್ ರೀಡ್' (2020) ಇದನ್ನು ಚೆನ್ನಾಗಿ ಮಾಡುತ್ತದೆ. ಜನವರಿ ಪ್ರೇಮ ಕಾದಂಬರಿ ಬರೆಯುವವಳು. ಅಪ್ಪ ತೀರಿಹೋದ ಮೇಲೆ ಅವರಿಗೆ ಇನ್ನೊಂದು ಸಂಬಂಧ ಇತ್ತು ಅಂತ ಗೊತ್ತಾಗಿ, ಪ್ರೀತಿಯ ಮೇಲಿನ ನಂಬಿಕೆಯೇ ಹೋಗಿದೆ. ಮಿಷಿಗನ್‌ನಲ್ಲಿ ಅಪ್ಪ ಬಿಟ್ಟುಹೋದ ಮನೆಗೆ ಬಂದರೆ ಪಕ್ಕದ ಮನೆಯಲ್ಲಿ ಗಸ್, ಕಾಲೇಜಿನ ಕಾಲದ ಎದುರಾಳಿ. ಅವನೂ ಬರಹಗಾರ, ಅವನಿಗೂ ಬರೆಯಲು ಆಗುತ್ತಿಲ್ಲ. ಇಬ್ಬರ ಕಿಟಕಿಗಳೂ ಎದುರುಬದುರು. ಒಬ್ಬರು ಹಾಳೆಯಲ್ಲಿ ಬರೆದು ಗಾಜಿಗೆ ಹಿಡಿದರೆ ಇನ್ನೊಬ್ಬರು ಓದಿ ಉತ್ತರ ಬರೆಯುತ್ತಾರೆ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಕಾಗದವೇ ಬೇಕು. ಹೆದರಿದ ಇಬ್ಬರಿಗೆ ಅಷ್ಟು ದೂರ ಬೇಕಾಗಿತ್ತು. ಅಲ್ಲಿ ತಡ ಆಗದಿದ್ದರೆ ನಾನು ನಂಬುತ್ತಲೇ ಇರಲಿಲ್ಲ.

ಇನ್ನೊಂದು ದೂರು ಗಂಡಿನ ಬಗ್ಗೆ. ಮೂತಿ ಬಿಗಿದುಕೊಂಡವನನ್ನೆಲ್ಲ ನಿಧಾನದ ಪ್ರೇಮಿ ಅಂತ ಯಾಕೆ ಸಹಿಸಬೇಕು? ಜಪಾಟಾ ಅವರದೇ 'ದಿ ವಾಲ್ ಆಫ್ ವಿನ್ನಿಪೆಗ್ ಅಂಡ್ ಮಿ' (2016) ಓದಿದವರು ಇದನ್ನು ಜಾಸ್ತಿ ಕೇಳುತ್ತಾರೆ. ವನೆಸ್ಸಾ ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರನ ಸಹಾಯಕಿ. ಅಡುಗೆಯಿಂದ ಇಮೇಲ್‌ವರೆಗೆ ಎಲ್ಲ ಅವಳದೇ. ಅವನ ಮ್ಯಾನೇಜರ್ ಇವಳ ಬಗ್ಗೆ ಕೆಟ್ಟದಾಗಿ ಆಡಿದಾಗ ಅವನು ತುಟಿ ಬಿಚ್ಚುವುದಿಲ್ಲ. ಅದು ಇವಳ ಕಿವಿಗೆ ಬೀಳುತ್ತದೆ. ಕೆಲಸ ಬಿಡುತ್ತಾಳೆ. ಆಮೇಲೆ ಅವನೇ ಇವಳ ಬಾಗಿಲಿಗೆ ಬಂದು ಗ್ರೀನ್ ಕಾರ್ಡಿಗಾಗಿ ಮದುವೆ ಆಗು, ನಿನ್ನ ಓದಿನ ಸಾಲ ತೀರಿಸುತ್ತೇನೆ ಅನ್ನುತ್ತಾನೆ. ಆ ಮೌನವನ್ನು ಕ್ಷಮಿಸಲಾಗಲ್ಲ ಅನ್ನುವ ಓದುಗರ ಮಾತನ್ನು ನಾನು ತಳ್ಳಿಹಾಕಲ್ಲ. ನನಗೆ ಪುಸ್ತಕ ಹಿಡಿಸಿದ್ದು ಅವಳು ಮೊದಲೇ ರಾಜೀನಾಮೆ ಕೊಟ್ಟದ್ದಕ್ಕೆ. ಸಂಬಳ ಕೊಡುವವನನ್ನೇ ಪ್ರೀತಿಸುತ್ತಾ ಕೂತಿದ್ದರೆ ಪುಸ್ತಕ ಮುಚ್ಚಿಡುತ್ತಿದ್ದೆ. ಪರಿಚಯವೇ ಸರಿಯಾಗಿ ಇಲ್ಲದ ಇಬ್ಬರು ಮದುವೆಯಾಗಿ, ಒಂದೇ ಮನೆಯಲ್ಲಿದ್ದು ಆಮೇಲೆ ಹತ್ತಿರವಾಗುವುದು ನಮ್ಮ ಓದುಗರಿಗೆ ಹೊಸದೇನೂ ಅಲ್ಲ. ಅಮೆರಿಕದ ಓದುಗರಿಗೆ ಅದು ಕಥೆಯ ತಂತ್ರ. ನಮ್ಮಲ್ಲಿ ಎಷ್ಟೋ ಮನೆಯ ಅಜ್ಜಿ ತಾತಂದಿರ ಬದುಕೇ ಅದು.

ಕಾಯುವುದೂ ನಮಗೆ ಹೊಸದಲ್ಲ. 'ಸುಧಾ', 'ತರಂಗ'ದಲ್ಲಿ ಬರುತ್ತಿದ್ದ ಧಾರಾವಾಹಿಗಳಿಗೆ ಜನ ವಾರ ವಾರ ಕಾದಿದ್ದಾರೆ. ಹಾಳೆಗಳನ್ನು ಬಿಡಿಸಿಟ್ಟುಕೊಂಡು, ಮುಗಿದ ಮೇಲೆ ಬೈಂಡ್ ಮಾಡಿಸಿಟ್ಟ ಮನೆಗಳಿವೆ. ಈಗಿನ ತೊಂದರೆ ಬೇರೆ. ಕಿಂಡಲ್‌ನಲ್ಲಿ ಕೆಳಗಡೆ ಪರ್ಸೆಂಟ್ ಕಾಣುತ್ತಿರುತ್ತದೆ. ಮೊದಲ ಮುತ್ತು ಎಷ್ಟು ಪರ್ಸೆಂಟಿಗೆ ಬರುತ್ತೆ ಅಂತ ಮೊದಲೇ ಕೇಳಿಕೊಂಡು ಓದಲು ಕೂರುತ್ತಾರೆ. ಎಪ್ಪತ್ತಕ್ಕೆ ಅಂತ ಗೊತ್ತಾದರೆ ಅಲ್ಲಿಯವರೆಗಿನದೆಲ್ಲ ಬಸ್ಸಿಗೆ ಕಾದ ಹಾಗೆ ಆಗಿಬಿಡುತ್ತದೆ. ಆ ಅಂಕಿ ಕಾಣದ ಹಾಗೆ ಸೆಟ್ಟಿಂಗ್ ಬದಲಾಯಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಈ ಬಗೆಯ ಪುಸ್ತಕಗಳ ಮೇಲೆ ನನ್ನದೂ ಒಂದು ತಕರಾರು ಇದೆ. ಅಷ್ಟು ಕಾಯಿಸಿ, ಒಂದಾದ ಮೇಲೆ ಗಡಿಬಿಡಿಯಲ್ಲಿ ಮುಗಿಸಿಬಿಡುತ್ತಾರೆ. ಇಬ್ಬರೂ ಜೊತೆಗೆ ಕಾಫಿ ಕುಡಿಯುವುದನ್ನು, ಸಣ್ಣದಕ್ಕೆ ಜಗಳ ಆಡಿ ರಾಜಿ ಆಗುವುದನ್ನು ನಾನು ನೋಡಬೇಕು. ಕೊನೆಯಲ್ಲಿ ಕೆಲವು ವರ್ಷಗಳ ನಂತರ ಅಂತ ಒಂದು ಉಪಸಂಹಾರ, ಮಕ್ಕಳು ಓಡಾಡುತ್ತಿರುತ್ತಾರೆ, ಮುಗೀತು. ಅಷ್ಟು ಪುಟ ಜೊತೆಗಿದ್ದ ಓದುಗರಿಗೆ ಇದು ಸಾಲದು.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ, 'ಬೀಚ್ ರೀಡ್' ಅನ್ನುತ್ತೇನೆ. ಅದರಲ್ಲಿ ನಗುವೂ ಇದೆ, ಓಟವೂ ಇದೆ. ಅದು ಹಿಡಿಸಿದರೆ ಆಮೇಲೆ ಜಪಾಟಾ. ಅಲ್ಲಿ ನೂರು ಪುಟ ಓದಿ. ಅಷ್ಟರಲ್ಲಿ ಅವನು ಮಾಡಿದ ಒಂದಾದರೂ ಸಣ್ಣ ಕೆಲಸ ನಿಮ್ಮ ಕಣ್ಣಿಗೆ ಬಿದ್ದು, ಅವಳ ಕಣ್ಣಿಗೆ ಬೀಳದೆ ಹೋಗಿದ್ದರೆ ಮುಂದುವರಿಸಿ. ಇಲ್ಲದಿದ್ದರೆ ಬಿಟ್ಟು ಬೇರೆ ಪುಸ್ತಕ ತಗೊಳ್ಳಿ.